ಇಬ್ಬರು ರಾಣಿಯರು

ಮಳವಳ್ಳಿಯ ವಾಚಕಿಯೊಬ್ಬರು ಪತ್ರ ಬರೆದು, "ಸ್ತ್ರೀಯರ ಕೈಯಲ್ಲಿ ರಾಜ್ಯವಿದ್ದಿದ್ದರೆ ಯುದ್ಧಗಳೇ ಇರುತ್ತಿರಲಿಲ್ಲವೆಂದು ನಾನೂ, ಯಾರು ಕುಳಿತರೂ ಗದ್ದುಗೆ ಗದ್ದುಗೆಯೇ ಎಂದು ನಮ್ಮ ಯಜಮಾನರೂ ವಾದಿಸುತ್ತಿದ್ದೇವೆ, ತಮ್ಮ ಅಭಿಪ್ರಾಯವೇನು?" ಎಂದು ಕೇಳಿರುವರು. ದಂಪತಿಗಳ ವ್ಯಾಜ್ಯದಲ್ಲಿ ಮೂರನೆಯವನು ತಲೆಹಾಕುವುದು ವಿವೇಕವಲ್ಲ. ಆದರೆ ಇದಕ್ಕೆ ಬೇಕಾದ ಸಾಕ್ಷ್ಯವು ನಮ್ಮ ಮಂಡ್ಯದ ಸೀಮೆಯಲ್ಲಿಯೇ ಇರುವುದರಿಂದ ಉತ್ತರಿಸುವ ಧೈರ್ಯಮಾಡುತ್ತೇನೆ.

ಮೊದಲನೆಯ ಸಾಕ್ಷಿ ಶ್ರೀರಂಗಪಟ್ಟಣದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ಗತಿಸಿದ ಮೇಲೆ, ಅಧಿಕಾರವೆಲ್ಲ ಹೈದರಾಲಿಯ ವಶದಲ್ಲಿದ್ದಾಗ, ಈ ವಿಧವೆಯು ಅಂತಃಪುರದೊಳಗಿದ್ದುಕೊಂಡೇ ರಾಜವಂಶದ ಪುನಃಸ್ಥಾಪನೆಗಾಗಿ ದಶಕಗಳ ಕಾಲ ಹವಣಿಸಿದರು. ತಿರುಮಲರಾಯರ ಮೂಲಕ 1782ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಅದರ ಸೈನ್ಯಬಲವನ್ನೇ ಕೋರಿದರು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಆ ಯುದ್ಧಕ್ಕೆ ಬೇರೆ ಕಾರಣಗಳು ಬಹಳ. ಆದರೂ ಈ ರಾಣಿಯು ಯುದ್ಧಕ್ಕೆ ಅಂಜಿದವರಲ್ಲ.

ಎರಡನೆಯವರು ವಾಣೀವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. 1894ರ ಡಿಸೆಂಬರಿನಲ್ಲಿ ಪತಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೆ ತುತ್ತಾದಾಗ ಹಿರಿಯ ಕುಮಾರರಿಗೆ ಹತ್ತೇ ವರ್ಷ. ಮಗನಿಗೆ ವಯಸ್ಸು ಬರುವವರೆಗೆ, 1902ರ ತನಕ, ಈ ತಾಯಿ ರಾಜ್ಯಭಾರವನ್ನು ಹೊತ್ತರು. 1898ರಲ್ಲಿ ಪ್ಲೇಗಿನ ಪಿಡುಗು ಬಂದುದೂ, ಮಾರಿಕಣಿವೆಯ ಅಣೆಕಟ್ಟಿನ ಕೆಲಸ ನಡೆದುದೂ ಆಗಲೇ. ಮಳವಳ್ಳಿಯ ಸೋದರಿಗೆ ಸಮೀಪದ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದುದು 1902ರ ಜೂನ್ ತಿಂಗಳಲ್ಲಿ. ಯೋಜನೆಯ ಶ್ರೇಯಸ್ಸು ದಿವಾನ್ ಶೇಷಾದ್ರಿ ಅಯ್ಯರವರಿಗೂ ಎಂಜಿನಿಯರರಿಗೂ ಸಲ್ಲಬೇಕಾದುದೇ. ಆದರೆ ಅಂಥವರನ್ನು ಕೆಲಸಮಾಡಗೊಡುವುದೂ ರಾಜಧರ್ಮವೇ ಅಲ್ಲವೆ?

ಹಾಗಾದರೆ ಸೋದರಿ ಗೆದ್ದರೆ? ಆತುರ ಬೇಡ. ಆಗ ಯುದ್ಧ ಹೂಡುವ ಅಧಿಕಾರವು ಮೈಸೂರಿಗೆ ಇರಲಿಲ್ಲ. ಅದು ಆಂಗ್ಲರ ಕೈಯಲ್ಲಿತ್ತು. ಕತ್ತಿಯೇ ಇಲ್ಲದವರ ಅಹಿಂಸೆಯನ್ನು ಸ್ವಭಾವವೆಂದು ಹೇಳಲಾದೀತೆ? ಕತ್ತಿಯಿದ್ದವರನ್ನು ನೋಡಿದರೆ, ಇಂದಿರಾ ಗಾಂಧಿಯವರು 1971ರಲ್ಲಿಯೂ, ಇಸ್ರೇಲಿನ ಗೋಲ್ಡಾ ಮೇಯರ್ 1973ರಲ್ಲಿಯೂ, ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ 1982ರಲ್ಲಿಯೂ ಯುದ್ಧವನ್ನು ನಡೆಸಿಯೇ ನಡೆಸಿದರು. ಗದ್ದುಗೆಯು ತನ್ನ ಮೇಲೆ ಕುಳಿತವರನ್ನು ತನ್ನ ಅಚ್ಚಿಗೆ ಎರಕಹೊಯ್ಯುವುದುಂಟು.

ಇಷ್ಟರಿಂದ ಯಜಮಾನರು ಗೆದ್ದರೆಂದೂ ಭಾವಿಸಬಾರದು. ಗಂಡಸರ ನಡುವೆ ಒಬ್ಬಳೇ ರಾಣಿಯಿರುವುದು ಬೇರೆ. ಮನೆಯ ಹತ್ತಿರದ ಪೀಠಗಳಲ್ಲಿ ಅನೇಕ ಸ್ತ್ರೀಯರಿರುವುದು ಬೇರೆ. ನಮ್ಮ ರಾಜ್ಯವು 1983ರ ಕಾನೂನಿನಿಂದ ಪಂಚಾಯಿತಿಗಳಲ್ಲಿ ಕಾಲುಭಾಗವನ್ನು ಸ್ತ್ರೀಯರಿಗೆ ಮೀಸಲಿಟ್ಟಿತು. 1993ರಲ್ಲಿ ರಾಜ್ಯಾಂಗದ ತಿದ್ದುಪಡಿಯಿಂದ ಅದು ಮೂರನೆಯ ಒಂದು ಭಾಗವಾಗಿ, 2010ರಲ್ಲಿ ಅರ್ಧವಾಯಿತು. ಬಂಗಾಳ, ರಾಜಸ್ಥಾನಗಳ ಪಂಚಾಯಿತಿಗಳನ್ನು ಪರೀಕ್ಷಿಸಿದ ವಿದ್ವಾಂಸರು, ಸ್ತ್ರೀಯರು ಅಧ್ಯಕ್ಷರಾದ ಕಡೆಗಳಲ್ಲಿ ಕುಡಿಯುವ ನೀರಿನ ಕೆಲಸಗಳು ಹೆಚ್ಚೆಂದು 2004ರಲ್ಲಿ ಪ್ರಕಟಿಸಿದರು. ಇದರಲ್ಲಿ ಸೋಜಿಗವೇನು? ಕೊಡ ಹೊತ್ತವಳಿಗಲ್ಲವೆ ದಾರಿಯ ದೂರ ಗೊತ್ತು!

ಆದರೆ ಹೆಂಡತಿಯು ಅಧ್ಯಕ್ಷೆಯಾಗಿ, ಸಭೆಗೆ ಗಂಡನು ಹೋಗುವ ಪದ್ಧತಿಯಿರುವವರೆಗೆ ಈ ಫಲ ದೊರೆಯದು. ಆದಕಾರಣ ತೀರ್ಪನ್ನು ಪತ್ರ ಬರೆದವರ ಮನೆಗೇ ಒಪ್ಪಿಸುತ್ತೇನೆ. ನಾಳೆ ತಮ್ಮ ಊರಿನ ಪೀಠವು ಸೋದರಿಯ ಪಾಲಿಗೆ ಬಂದರೆ, ಯಜಮಾನರು ಆ ದಿನ ಒಲೆಯ ಮುಂದೆ ಕುಳಿತು, ಆಕೆಯನ್ನು ಒಬ್ಬಳೇ ಸಭೆಗೆ ಕಳುಹುವರೆ? ರಾಜಕೀಯವು ಬದಲಾಗುವುದೋ ಇಲ್ಲವೋ ಎಂಬುದಕ್ಕೆ ಅದೇ ಮೊದಲನೆಯ ಉತ್ತರ.