ಒಂದು ದಿನ, ಒಂದು ಚಿತ್ರ

ಕಳೆದ ರಜೆಯಲ್ಲಿ ವಿಯೆನ್ನಾದಲ್ಲಿರೋ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಒಂದೇ ದಿನಕ್ಕೆ ಹತ್ತು ಜಾಗದ ಲಿಸ್ಟ್ ಮಾಡಿದ್ದೆ. ಅಪ್ಪ ಕೊಡಿಸಿದ ವಿಮಾನದ ಟಿಕೆಟ್ ದುಡ್ಡು ವಸೂಲಾಗಬೇಕಲ್ಲ! 1891ರಲ್ಲಿ ತೆರೆದ ಕಲಾ ಇತಿಹಾಸ ಮ್ಯೂಸಿಯಂಗೆ ಕೊಟ್ಟಿದ್ದು ನಲವತ್ತು ನಿಮಿಷ. ಅಮೃತಶಿಲೆಯ ಮೆಟ್ಟಿಲು, ಕಂಬ, ಚಿತ್ರ, ಎಲ್ಲದರ ಫೋಟೋ ಹೊಡೀತಾ ಓಡ್ತಿದ್ದೆ. "ಫೋಟೋ ಆಮೇಲೆ ತೆಗಿಯೋ, ಮೊದಲು ಕೂತ್ಕೊಂಡು ನೋಡು" ಅಂದ್ರು ಚಿಕ್ಕಮ್ಮ.

ಎದುರಿಗಿದ್ದದ್ದು ಬ್ರೂಗೆಲ್ ಅನ್ನೋ ಕಲಾವಿದ 1563ರಲ್ಲಿ ಬರೆದ 'ಬಾಬೆಲ್ ಗೋಪುರ'. ಕೂತು ನೋಡಿದಾಗ ಕಂಡಿದ್ದು ಕ್ರೇನ್! ದೊಡ್ಡ ಚಕ್ರದೊಳಗೆ ಆಳುಗಳು ನಡೆದು ಕಲ್ಲು ಎತ್ತುತ್ತಿದ್ದಾರೆ. ಕೆಳಗಿನ ಅಂತಸ್ತೇ ಮುಗಿದಿಲ್ಲ, ಮೇಲೆ ಕಟ್ತಾನೇ ಇದ್ದಾರೆ. ಬ್ಯಾಕ್ ಉಳಿಸ್ಕೊಂಡು ಮುಂದಿನ ಸೆಮ್‌ಗೆ ಹೋಗೋ ನಮ್ಮ ಹಾಗೆ. ಒಂದು ಗಂಟೆ ಕಳೆದಿದ್ದೇ ಗೊತ್ತಾಗಲಿಲ್ಲ. ಲಿಸ್ಟಲ್ಲಿದ್ದ ಆರು ಜಾಗ ಬಿಟ್ಟುಹೋಯ್ತು, ಬೇಜಾರಾಗಲಿಲ್ಲ.

ಸಂಜೆ ಸ್ಟೇಟ್ ಒಪೆರಾದಲ್ಲಿ ಅಗ್ಗದ ಟಿಕೆಟ್ ತಗೊಂಡು ನಿಂತೇ ಸಂಗೀತ ಕೇಳಿದ್ವಿ.

ನನ್ನ ಪ್ರಕಾರ ಐಷಾರಾಮ ಅಂದ್ರೆ ದುಬಾರಿ ಸೀಟಲ್ಲ, ಅವಸರ ಇಲ್ಲದಿರೋದು. "ಕಲೆ ಇಂಜಿನಿಯರ್‌ಗಳಿಗಲ್ಲ" ಅನ್ನೋರು ಒಂದು ಚಿತ್ರದ ಮುಂದೆ ಒಂದು ಗಂಟೆ ಕೂತು ನೋಡಿ. ಆಮೇಲೆ ಮಾತಾಡೋಣ.