ಬೈಗುಳ ಅಮ್ಮಂದು, ಕತೆ ಯಾರದು?

ಸ್ವಲ್ಪ ಉದ್ದ ಬರೆದಿದೀನಿ, ಪೂರ್ತಿ ಓದಿ ಆಮೇಲೆ ಬೈಯಿರಿ.

ಮೊನ್ನೆ ನನ್ನ ಮಗ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ. ಬೆಂಗಳೂರಿನ ಯಾವುದೋ ಸಣ್ಣ ಹಾಲು. ಒಬ್ಬ ಹುಡುಗ ಮೈಕ್ ಹಿಡಿದು ಪದ್ಯ ಹೇಳ್ತಾನೆ, ನಡುವೆ ಜೋಕ್ ಹೊಡೀತಾನೆ, ಅವರಜ್ಜಿ ಕತೆಗೆ ಹೋಗ್ತಾನೆ, ಮತ್ತೆ ಪದ್ಯಕ್ಕೆ ಬರ್ತಾನೆ. ಚೆನ್ನಾಗಿತ್ತು, ನಾನೂ ನಕ್ಕೆ. "ಇದು ಹೊಸಾ ಆರ್ಟ್ ಅಪ್ಪಾ" ಅಂದ. ಹೊಸದೇನಲ್ಲ ಕಣೋ, ನಿಮ್ಮ ದೊಡ್ಡತಾತ ಇದನ್ನ ರಾತ್ರಿಯಿಡೀ ಮಾಡ್ತಿದ್ದ ಅಂದೆ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಆಸಾದಿ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಮಾರಮ್ಮನ ಜಾತ್ರೆಯಲ್ಲಿ ಅಮ್ಮನ ಕತೆಯನ್ನ ಪದವಾಗಿ ಹೇಳೋ ನಮ್ಮ ಮಾದಿಗರವನು. ಪಕ್ಕದಲ್ಲೇ ರಾಯದುರ್ಗ, ಕಲ್ಯಾಣದುರ್ಗ. ಹಂಗಾಗಿ ಕನ್ನಡದ ನಡುವೆ ತೆಲುಗೂ ನುಗ್ಗುತ್ತೆ. ನಮ್ಮ ದೊಡ್ಡಪ್ಪ ಕತೆ ನಡುವೆ ನಿಲ್ಲಿಸಿ ಎದುರಿಗೆ ಕೂತ ಗೌಡನ್ನ, ಶಾನುಭೋಗನ್ನ, ಪೂಜಾರಿನ್ನ ಹೆಸರು ಹಿಡಿದು ಬೈಯೋನು. ಕೇಳಬಾರದ ಬೈಗುಳ. ಅವರೂ ನಗಲೇಬೇಕು. ಯಾಕಂದ್ರೆ ಆ ಹೊತ್ತು ಬೈಯೋದು ಮಾದಿಗನಲ್ಲ, ಅಮ್ಮ!

ಬೆಳಗಾಯ್ತಾ, ಅದೇ ಗೌಡರ ಮನೆ ಮುಂದೆ ದೊಡ್ಡಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿರೋನು. ಊಟ ಹೊರಗೆ. ಕೂಲಿ ಅಂತ ಇಲ್ಲ, ಕೊಟ್ಟಷ್ಟು ಜೋಳ. ಒಂದು ರಾತ್ರಿಯ ಬಾಯಿಗೆ ವರ್ಷವೆಲ್ಲಾ ಬೀಗ.

ಇನ್ನೂ ಚುಚ್ಚೋದು ಆ ಕತೆ. ಬ್ರಾಹ್ಮಣರ ಹುಡುಗಿಯನ್ನ ನಮ್ಮವನೊಬ್ಬ ಜಾತಿ ಮುಚ್ಚಿಟ್ಟು ಮದುವೆಯಾದ, ಗೊತ್ತಾದಾಗ ಅವಳು ಮನೆಗೆ ಬೆಂಕಿ ಇಟ್ಟು ಮಾರಿಯಾದಳು, ಅವನು ಕೋಣನಾಗಿ ಕತ್ತು ಕೊಟ್ಟ. ಇದನ್ನ ಹಾಡೋನು ಯಾರು? ಆ ಕೋಣನ ಕುಲದವನೇ. ಊರನ್ನೆಲ್ಲಾ ನಗಿಸಿ ಕೊನೆಗೆ ತನ್ನ ಕತ್ತು ತಾನೇ ಹಾಡಿ ಕೊಡೋನು.

ಅದಕ್ಕೇ ನಾವು ಸಂಘಟನೆಗೆ ಬಂದ ಹೊಸದರಲ್ಲಿ "ತಮಟೆ ಬಿಡಿ, ಪದ ಬಿಡಿ" ಅಂದ್ವಿ. ದೊಡ್ಡಪ್ಪನಿಗೂ ಹೇಳಿದೆ, ಬಿಟ್ಟ. ಅವನು ಸತ್ತಾಗ ಆ ಪದಗಳೂ ಮಣ್ಣಾದವು. ಚಾಕರಿ ಬಿಡಿಸಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಒಂದು ಪದವನ್ನೂ ಬರ್ಕೊಳ್ಳದೆ ಹೋದೆನಲ್ಲ, ಅದಕ್ಕಿದೆ.

ನಮ್ಮ ತಾಲ್ಲೂಕಿನ ಸಿರಿಯಜ್ಜಿ ನೋಡಿ. ಶಾಲೆ ಮೆಟ್ಟಿಲು ಹತ್ತದ ಕಾಡುಗೊಲ್ಲರ ಅಜ್ಜಿ. ಕೃಷ್ಣಮೂರ್ತಿ ಹನೂರು ಅಂಥವರು ಹಟ್ಟಿಗೆ ಬಂದು ಹಾಡು ಬರ್ಕೊಂಡರು, ಹಂಪಿ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಸಂತೋಷ. ನಮ್ಮ ಕೇರಿಗೆ ಹಂಗೆ ಎಷ್ಟು ಜನ ಬಂದರು? ಬಂದವರಲ್ಲೂ ಕೆಲವರು "ಅಶ್ಲೀಲ" ಅಂತ ಅರ್ಧ ಬಿಟ್ಟು ಬರ್ಕೊಂಡರು. ಅದೇ ಬೈಗುಳ ಬೆಂಗಳೂರಲ್ಲಿ ಟಿಕೆಟ್ ಇಟ್ಟು ಹೇಳಿದರೆ "ಬೋಲ್ಡ್"!

ಕೆಲವು ಸಂಗಾತಿಗಳು "ಅದು ಜಾತಿಯ ಗುರುತು, ಸಾಯಲಿ ಬಿಡಣ್ಣ" ಅಂತಾರೆ. ನಾನೂ ಅಂದವನೇ. ಆದರೆ ದಸಂಸ ಬೆಳೆದಿದ್ದು ಬರೀ ಭಾಷಣದಿಂದಲ್ಲ. ಕೇರಿ ಕೇರಿಯಲ್ಲಿ ಸಿದ್ಧಲಿಂಗಯ್ಯನವರ ಹಾಡು ಹಾಡಿ ಬೆಳೆದದ್ದು. ಈಚೆಗೆ ಕೆ.ಬಿ. ಸಿದ್ದಯ್ಯನವರ ಕಾವ್ಯ ಇಟ್ಕೊಂಡು ಲಕ್ಷ್ಮಣ್ ಕೆ.ಪಿ. ಮಾಡಿದ 'ದಕ್ಲಕಥಾ ದೇವಿಕಾವ್ಯ' ನಾಟಕದಲ್ಲಿ ನಮ್ಮ ತಮಟೆ, ಅರೆ ರಂಗದ ಮೇಲೆ ತಲೆ ಎತ್ತಿ ನಿಂತವು. ಯಾರ ಚಾಕರಿಗೂ ಅಲ್ಲ.

ಹಂಗಾಗಿ ನಾನು ಹೇಳೋದು ಇಷ್ಟೆ. ಊರ ಚಾಕರಿಯಾಗಿ ಯಾವನೂ ಆಸಾದಿ ಆಗೋದು ಬೇಡ. ಹಾಡ್ತೀನಿ ಅಂದವನಿಗೆ ಬೆಂಗಳೂರಿನ ಕಲಾವಿದನಿಗೆ ಕೊಡೋ ಹಂಗೇ ವೇದಿಕೆ, ಸಂಭಾವನೆ ಕೊಡಿ. ಕೇರಿಯಲ್ಲಿ ಪದ ಬಲ್ಲ ಹಿರೀಕರಿದ್ದರೆ ಈ ಭಾನುವಾರವೇ ಅವರ ಒಪ್ಪಿಗೆ ಕೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡಿ, ಬೈಗುಳವನ್ನೂ ಬಿಡದಂಗೆ.

ಕತೆ ಬದಲಿಸೋ ಹಕ್ಕು ನಮಗಿದೆಯಾ ಅಂತ ಕೇಳೋರಿಗೆ: ದೊಡ್ಡಪ್ಪ ಪ್ರತಿ ಜಾತ್ರೆಗೂ ಹೊಸ ಬೈಗುಳ ಕಟ್ಟೋನು. ಬೈಗುಳ ಹೊಸದಾಗಬಹುದು ಅಂದ್ರೆ ಕೊನೆ ಮಾತ್ರ ಯಾಕೆ ಹಳೇದೇ ಇರಬೇಕು? ಈ ಸಲ ಕೋಣ ಬದುಕಲಿ.

ಜೈ ಭೀಮ್.