ಹದಿನಾಲ್ಕು ಆಳಿನ ಸಾಲ

ಹೋದ ವರ್ಷ ಫೆಬ್ರುವರಿಯ ಒಂದು ಸಂಜೆ ಅವ್ವ ಫೋನ್ ಮಾಡಿದಳು. "ಗಾಬರಿ ಆಗಬ್ಯಾಡ, ನಿಮ್ಮಪ್ಪ ಬೈಕ್ ಮ್ಯಾಲಿಂದ ಬಿದ್ದಾನ, ಕಾಲು ಮುರದೈತಿ" ಅಂದಳು. ಗಾಬರಿ ಆಗಬೇಡ ಅಂತ ಶುರುವಾಗುವ ಮಾತಿಗೇ ನಮಗೆಲ್ಲ ಹೆಚ್ಚು ಗಾಬರಿಯಾಗುವುದು. ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದೆ. ಬೆಳಿಗ್ಗೆ ಆಸ್ಪತ್ರೆ, ಆಪರೇಶನ್, ಕಾಲಿಗೆ ರಾಡು. ಐದನೇ ದಿನ ಅಪ್ಪನನ್ನು ಬೇವೂರಿಗೆ ಕರೆತಂದು ಮಂಚದ ಮೇಲೆ ಮಲಗಿಸಿದಾಗ ಆತ ಕೇಳಿದ ಮೊದಲ ಮಾತು, "ಜ್ವಾಳ ಹೆಂಗೈತಿ?"

ನಮ್ಮದು ಯಲಬುರ್ಗಾ ತಾಲೂಕಿನ ಎರೆ ಭೂಮಿ. ಹಿಂಗಾರಿ ಬಿಳಿಜೋಳ ಹದಕ್ಕೆ ಬಂದ ಮೇಲೆ ರೈತ ಕಾಯಬಹುದು, ಹಕ್ಕಿಗಳು ಕಾಯುವುದಿಲ್ಲ. ಎರಡು ಎಕರೆ ಜೋಳ ನಿಂತಿತ್ತು. ನಾನು ಬರುವಾಗಲೇ ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದೆ. ಇದೊಂದು ಸುಗ್ಗಿ ಹೇಗೋ ಮುಗಿಸುವುದು, ಆಮೇಲೆ ಹೊಲ ಲಾವಣಿಗೆ ಹಾಕಿ ಇಬ್ಬರನ್ನೂ ಬೆಂಗಳೂರಿಗೆ ಕರೆದೊಯ್ಯುವುದು. ಅವರಿಗೂ ಆರಾಮ, ನನಗೂ ಚಿಂತೆಯಿಲ್ಲ. ಎಲ್ಲರೂ ಫ್ರೀ.

ಈ 'ಫ್ರೀ' ಅನ್ನೋ ಪದದ ಮೇಲೆ ನನಗೆ ಬಹಳ ಪ್ರೀತಿ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ದಿನದಿಂದ ಯಾರ ಹಂಗಿನಲ್ಲೂ ಇರಬಾರದು ಅಂತ ಹಟ ಹಿಡಿದವನು ನಾನು. ಗೆಳೆಯರ ಜೊತೆ ಊಟಕ್ಕೆ ಹೋದರೆ ಬಿಲ್ಲನ್ನು ಆಪ್‌ನಲ್ಲಿ ಹಾಕಿ ಪಾಲು ಮಾಡುತ್ತೇವೆ. ಏಳು ರೂಪಾಯಿ ಬಾಕಿ ಇದ್ದರೂ ರಾತ್ರಿಯೊಳಗೆ ಚುಕ್ತಾ. ಒಮ್ಮೆ ಜ್ವರ ಬಂದು ಮಲಗಿದ್ದಾಗ ಮೇಲಿನ ಮನೆಯ ಆಂಟಿ ಡಬ್ಬಿಯಲ್ಲಿ ಗಂಜಿ ಕಳಿಸಿದ್ದರು. ಡಬ್ಬಿ ತೊಳೆದು, ಥ್ಯಾಂಕ್ಸ್ ಹೇಳಿ, ಖಾಲಿ ವಾಪಸ್ ಕೊಟ್ಟೆ. ನಮ್ಮೂರಿನಲ್ಲಿ ಯಾರ ಮನೆಯ ಪಾತ್ರೆಯನ್ನೂ ಖಾಲಿ ಕೊಡಬಾರದು. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಅದು ನನಗೆ ನೆನಪಾಗಲಿಲ್ಲ ಅಂತಲ್ಲ. ಹಾಗೆ ಶುರುವಾದರೆ ಮುಗಿಯುವುದಿಲ್ಲ ಅನ್ನಿಸಿತ್ತು.

ಮರುದಿನ ಇನ್ನೂ ಕತ್ತಲಿರುವಾಗಲೇ ಅಂಗಳದಲ್ಲಿ ಮಾತು ಕೇಳಿಸಿತು. ದೊಡ್ಡಪ್ಪ, ದೊಡ್ಡವ್ವ, ಬಾಜೂ ಹೊಲದ ಕಾಕಾ, ಆತನ ಇಬ್ಬರು ಮಕ್ಕಳು, ಇನ್ನಿಬ್ಬರು ನಾನು ಮುಖ ಮಾತ್ರ ಬಲ್ಲ ಹಿರಿಯರು. ಏಳು ಮಂದಿ. ಯಾರೂ ಕರೆದಿರಲಿಲ್ಲ. ಕೂಲಿಗೆ ಅವ್ವ ಹೇಳಿಕಳಿಸಿದ್ದ ಇಬ್ಬರು ಹೆಣ್ಣುಮಕ್ಕಳೂ ಬಂದರು. ಎರಡು ದಿನದಲ್ಲಿ ಜೋಳ ಕಿತ್ತು, ತೆನೆ ಮುರಿದು, ಸೊಪ್ಪೆಯನ್ನು ಸೂಡು ಕಟ್ಟಿ ಇಟ್ಟರು. ನಾನು ನೀರು ಕೊಡುವುದು, ರೊಟ್ಟಿ ಬುತ್ತಿ ಹೊರುವುದು ಇಷ್ಟೇ ಮಾಡಿದೆ.

ಎರಡನೇ ದಿನದ ಸಂಜೆ ಪ್ಯಾಂಟಿನ ಜೇಬಿನಿಂದ ರೊಕ್ಕ ತೆಗೆದು ದೊಡ್ಡವ್ವನ ಕೈಗೆ ಕೊಡಲು ಹೋದೆ. ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. "ಏನಪಾ, ಕೂಲಿ ಕೊಟ್ಟು ಕಳಸ್ತಿಯೇನು ನಮ್ಮನ್ನ?" ಅಂದಳು. ಸಿಟ್ಟಿಗಿಂತ ಹೆಚ್ಚಾಗಿ ನೋವು ಇತ್ತು ಆ ಮಾತಿನಲ್ಲಿ. ದೊಡ್ಡಪ್ಪ ನಕ್ಕು, "ಇವು ಮುಯ್ಯಾಳು ಅದಾವು. ರೊಕ್ಕದಾಗ ತೀರಂಗಿಲ್ಲ" ಅಂದ.

ಮುಯ್ಯಾಳು ಅಂದರೆ ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ ಏನೋ. ಇವತ್ತು ನಾನು ನಿನ್ನ ಹೊಲಕ್ಕೆ ಒಂದು ದಿನ ದುಡಿದರೆ, ನಾಳೆ ನೀನು ನನ್ನ ಹೊಲಕ್ಕೆ ಒಂದು ದಿನ ದುಡಿಯಬೇಕು. ಆಳಿಗೆ ಆಳು. ಮದುವೆಗಳಲ್ಲಿ ಮುಯ್ಯಿ ಓದಿಸುತ್ತಾರಲ್ಲ, ಅದರದೇ ಹೊಲದ ರೂಪ. ಏಳು ಮಂದಿ, ಎರಡು ದಿನ. ನಮ್ಮ ಮನೆಯ ಮೇಲೆ 14 ಆಳಿನ ಸಾಲ ಬಂದಿತ್ತು.

ಆ ರಾತ್ರಿ ಅಪ್ಪ ಮಂಚದ ಮೇಲಿಂದಲೇ ಲೆಕ್ಕ ಹೇಳಿದ. ಯಾರಿಗೆ ಎಷ್ಟು, ಯಾರ ಕಡಲೆ ಕೀಳುವುದು ಇನ್ನೂ ಬಾಕಿ, ಯಾರು ಮೂರು ವರ್ಷದ ಹಿಂದೆ ಒಂದು ಆಳು ಹೆಚ್ಚು ಕೊಟ್ಟಿದ್ದರು, ಎಲ್ಲ ನಾಲಿಗೆಯ ತುದಿಯಲ್ಲಿ. ಒಂದು ಹಾಳೆಯಿಲ್ಲ, ಒಂದು ಎಕ್ಸೆಲ್ ಇಲ್ಲ. ನಾನು ರಜೆ ಮುಂದಕ್ಕೆ ಹಾಕಿ ಐದು ದಿನ ಅವರ ಹೊಲಗಳಿಗೆ ಹೋದೆ. ಮೊದಲ ದಿನವೇ ಅಂಗೈಯಲ್ಲಿ ಬೊಬ್ಬೆ ಎದ್ದವು. ಕಡಲೆ ಗಿಡದ ಹುಳಿ ಅದಕ್ಕೆ ತಾಗಿ ಕಣ್ಣಲ್ಲಿ ನೀರು ಬಂತು. ಕಾಕಾ ಸಂಜೆ ಗಂಭೀರವಾಗಿ, "ತಮ್ಮಾ, ಇವತ್ತಿಂದು ಅರ್ಧಾಳು ಹಿಡಿಯೂಣು" ಅಂದ. ಎರಡು ದಿನ ನಾನು ಅರ್ಧಾಳೇ ಆಗಿದ್ದೆ. ಮೂರನೇ ದಿನ ಪೂರ್ತಿ ಆಳು ಅಂತ ಒಪ್ಪಿಕೊಂಡಾಗ ಆದ ಖುಷಿ ನನಗೆ ಪ್ರಮೋಶನ್ ಆದಾಗಲೂ ಆಗಿರಲಿಲ್ಲ. ಅಂತೂ ನಾಲ್ಕು ಆಳು ತೀರಿತು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಚೆಂದದ ಕಥೆ. ಹಳ್ಳಿ ಒಳ್ಳೆಯದು, ನಗರ ಕೆಟ್ಟದ್ದು ಅಂತ ಬರೆದು ನಾನೂ ಸಮಾಧಾನದಿಂದ ಇರುತ್ತಿದ್ದೆ. ಆದರೆ ಕೂಲಿಗೆ ಬಂದಿದ್ದ ಆ ಇಬ್ಬರ ವಿಷಯ ಹೇಳದೆ ಬಿಟ್ಟರೆ ಅದು ಸುಳ್ಳಾಗುತ್ತದೆ.

ನಮ್ಮ ಜೋಳ ಕೀಳುವ ಎರಡನೇ ದಿನ ಮಧ್ಯಾಹ್ನ ಬದುವಿನ ಬೇವಿನ ಮರದ ಕೆಳಗೆ ಎಲ್ಲರೂ ರೊಟ್ಟಿ ಬಿಚ್ಚಿದಾಗ ಅವರಿಬ್ಬರು ಸ್ವಲ್ಪ ದೂರ ಕುಳಿತಿದ್ದರು. ಒಬ್ಬಾಕೆಗೆ ಐವತ್ತರ ಹತ್ತಿರ ಇರಬಹುದು. ನೀರು ಕೊಡಲು ಹೋದವನು ಹುಮ್ಮಸ್ಸಿನಲ್ಲಿ ಕೇಳಿದೆ, "ಯಕ್ಕಾ, ನೀವು ಮುಯ್ಯಾಳು ಮಾಡಂಗಿಲ್ಲೇನು?"

ಆಕೆ ನಕ್ಕಳು. "ಮುಯ್ಯಾಳಿಗೆ ಹೊಲ ಬೇಕಲ್ರೀ. ನಾವು ನಿಮ್ಮ ಹೊಲಕ್ಕ ಬಂದ್ರ ನೀವು ನಮ್ಮ ಯಾವ ಹೊಲಕ್ಕ ಬರ್ತೀರಿ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಮುಂದುವರಿಸಿದಳು. "ನಮ್ಮಜ್ಜ ಒಬ್ಬರ ಮನ್ಯಾಗ ಜೀತಕ್ಕಿದ್ದ. ಮದುವಿಗೆ ತಂದ ಸಾಲ. ಎಷ್ಟು ದುಡಿದ್ರೂ ತೀರಲೇ ಇಲ್ಲ. ನಮಗ ಕೂಲೀನ ಚಲೋ ರೀ. ಸಂಜಿಕ ರೊಕ್ಕ ಕೈಗೆ ಬಂತು ಅಂದ್ರ ಆಯ್ತು. ನಾಳಿ ಬರೂದು, ಬಿಡೂದು ನಮ್ಮ ಖುಷಿ."

ನನಗಿಂತ ಇಪ್ಪತ್ತು ವರ್ಷ ದೊಡ್ಡಾಕೆ. ನಾನು ಆಕೆಯ ಮಗನ ವಯಸ್ಸಿನವನು. ಆದರೂ ಮಾತಿಗೊಮ್ಮೆ 'ರೀ' ಹಚ್ಚುತ್ತಿದ್ದಳು.

ಆ ಸಂಜೆ ದಿನಕ್ಕೆ 300ರಂತೆ ಇಬ್ಬರಿಗೂ ಕೂಲಿ ಕೊಟ್ಟೆ. ಒಬ್ಬಾಕೆ ಹೋದಳು. ಈಕೆ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹೋಗದೆ ನಿಂತಳು. ಏನು ಅಂತ ಕೇಳಿದರೆ "ಏನಿಲ್ಲ ಬಿಡ್ರೀ" ಅಂದಳು. ಮತ್ತೆ ಕೇಳಿದ ಮೇಲೆ ಮೆಲ್ಲಗೆ ಹೇಳಿದಳು. "ಹೋದ ಸುಗ್ಗಿದು ಎರಡು ದಿನದ್ದು ಐತ್ರಿ. ಅಪ್ಪಾರು ಮಲಗ್ಯಾರ, ಈಗ ಕೇಳಬಾರದು."

"ಒಂದು ವರ್ಷ ಯಾಕ ಕೇಳಲಿಲ್ಲ?"

"ಕೇಳಿದ್ರ ಮುಂದಿನ ಸುಗ್ಗಿಗೆ ಕರೀಲಿಲ್ಲ ಅಂದ್ರ?"

ಒಳಗೆ ಹೋಗಿ ಅಪ್ಪನನ್ನು ಕೇಳಿದೆ. ಆತ ಸ್ವಲ್ಪ ಹೊತ್ತು ಜಂತಿ ನೋಡಿದ. "ಹೌದಲ್ಲ, ಮರ್ತ ಬಿಟ್ಟಿದ್ದೆ. ಕೊಡು ಕೊಡು" ಅಂದ. ಅಪ್ಪ ಕೆಟ್ಟವನಲ್ಲ. ಯಾರದೂ ಒಂದು ಪೈಸೆ ತಿಂದವನಲ್ಲ. ನಿಜವಾಗಿಯೂ ಮರೆತಿದ್ದ. ಅದಾದ ಒಂದೆರಡು ತಾಸಿಗೇ ಆತ ನನ್ನ ಮುಂದೆ ಮೂರು ವರ್ಷದ ಹಿಂದಿನ ಮುಯ್ಯಾಳನ್ನು ಕಣ್ಣುಮುಚ್ಚಿ ಹೇಳಿದ್ದು.

ಅದೇ ನನಗೆ ನಿದ್ದೆ ಕೆಡಿಸಿತು. ಒಂದೇ ತಲೆ, ಒಂದೇ ನೆನಪು. ತಿರುಗಿ ಕೇಳಬಲ್ಲವರ ಸಾಲ ಅದರಲ್ಲಿ ಅಚ್ಚೊತ್ತಿ ಉಳಿದಿದೆ. ಕೇಳಲಾರದವರ ಸಾಲ ಜಾರಿ ಹೋಗಿದೆ. ಅಪ್ಪನ ಮೇಲೆ ಬೇಜಾರು ಮಾಡಿಕೊಳ್ಳುವಷ್ಟರಲ್ಲಿ ನನ್ನದೇ ಒಂದು ಬಾಕಿ ನೆನಪಾಯಿತು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಮನೆಗೆ ಬೀಗ ಹಾಕಿ ಮೂರು ತಿಂಗಳು ಊರಿಗೆ ಬಂದಿದ್ದೆ. ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕನಿಗೆ ಒಂದು ತಿಂಗಳದ್ದು ಕಳಿಸಿದೆ. ಉಳಿದ ಎರಡು ತಿಂಗಳದ್ದೂ ಕೊಡ್ತೀನಿ ಅಂತ ಫೋನಿನಲ್ಲಿ ಹೇಳಿದ್ದೆ. ಆಕೆ ಕೇಳಲಿಲ್ಲ, ನಾನು ಕೊಡಲಿಲ್ಲ. ಗೆಳೆಯರ ಏಳು ರೂಪಾಯಿ ನೆನಪಿಡುವ ಆ ಆಪ್‌ನಲ್ಲಿ ಆಕೆಯ ಹೆಸರೇ ಇರಲಿಲ್ಲ. ಯಾರ ಹಂಗೂ ಇಲ್ಲ ಅಂತ ನಾನು ಎದೆ ಉಬ್ಬಿಸಿಕೊಂಡು ಓಡಾಡಿದ್ದು ಇಂಥ ಲೆಕ್ಕದ ಮೇಲೆ.

ಹಿಂದೊಮ್ಮೆ ಓದಿದ್ದು ಆ ರಾತ್ರಿ ಮತ್ತೆ ಮತ್ತೆ ತಲೆಗೆ ಬಂತು. ಇವತ್ತಿನ ಇರಾಕಿನ ಜಾಗದಲ್ಲಿ ಸುಮೇರಿಯನ್ನರ ಲಗಾಶ್ ಅನ್ನೋ ನಗರವಿತ್ತು. ಸುಮಾರು 4,400 ವರ್ಷಗಳ ಹಿಂದೆ ಅಲ್ಲಿನ ರಾಜ ಎನ್ಮೆತೆನ ಜನರ ಸಾಲದ ಬಡ್ಡಿ ಮನ್ನಾ ಮಾಡಿ, ತಾಯಿಗೆ ಮಗುವನ್ನೂ ಮಗುವಿಗೆ ತಾಯಿಯನ್ನೂ ಮರಳಿಸಿದೆ ಅಂತ ಬರೆಸಿದ. ಆಗ ಬಳಸಿದ ಪದ 'ಅಮಾರ್ಗಿ'. ಬರಹದಲ್ಲಿ ಸಿಕ್ಕಿರುವ ಬಿಡುಗಡೆಯ ಪದಗಳಲ್ಲಿ ಅತಿ ಹಳೆಯದು ಅದು ಅನ್ನುತ್ತಾರೆ. ಅಕ್ಷರಶಃ ಅದರ ಅರ್ಥ 'ತಾಯಿಯ ಹತ್ತಿರ ಮರಳುವುದು'. ಸಾಲಕ್ಕೆ ಒತ್ತೆಯಾಗಿ ಬೇರೆಯವರ ಮನೆಯಲ್ಲಿ ದುಡಿಯುತ್ತಿದ್ದವರಿಗೆ ಸ್ವಾತಂತ್ರ್ಯ ಅಂದರೆ ಅಷ್ಟೇ: ಮನೆಗೆ ಹೋಗಬಹುದು.

ನಮ್ಮ ಭಾಗಕ್ಕೆ ಇದು ದೂರದ ಕಥೆಯಲ್ಲ. ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್ ಜಂಗ್ ಮನೆತನದ ಜಾಗೀರಿಗೆ ಸೇರಿದ್ದವು. ದೇಶ 1947ರ ಆಗಸ್ಟ್ 15ಕ್ಕೆ ಸ್ವತಂತ್ರವಾದರೆ ನಮಗೆ ಬಿಡುಗಡೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಜಾಗೀರುಗಳು ರದ್ದಾದದ್ದು ಅದರ ಮರುವರ್ಷ. ಜೀತದ ಸಾಲವೆಲ್ಲ ಮನ್ನಾ, ಜೀತಕ್ಕಿದ್ದವರು ಇನ್ನು ಮುಂದೆ ಸ್ವತಂತ್ರರು ಅಂತ ಕಾಯ್ದೆ ಬಂದದ್ದು 1976ರಲ್ಲಿ. ಅಂದರೆ ನಮ್ಮಜ್ಜನಿಗೆ ಸಿಕ್ಕ ಸ್ವಾತಂತ್ರ್ಯ ಆ ಅಕ್ಕನ ಅಜ್ಜನಂಥವರಿಗೆ ಕಾಗದದ ಮೇಲೆ ಸಿಗಲು ಮತ್ತೆ 28 ವರ್ಷ ಬೇಕಾಯಿತು.

ಮುಯ್ಯಾಳೂ ಸಾಲ, ಜೀತವೂ ಸಾಲ. ಹಾಗಾದರೆ ವ್ಯತ್ಯಾಸ ಎಲ್ಲಿ? ನನಗೆ ತಿಳಿದ ಮಟ್ಟಿಗೆ ವ್ಯತ್ಯಾಸ ಇರುವುದು ಕೇಳುವ ಹಕ್ಕಿನಲ್ಲಿ. ಕಾಕಾ ನನ್ನ ದುಡಿಮೆ ನೋಡಿ "ಅರ್ಧಾಳು" ಅಂತ ಮುಖದ ಮೇಲೆ ಹೇಳಬಲ್ಲ. ನಾಳೆ ನಾನೂ ಆತನಿಗೆ ಹೇಳಬಹುದು. ಸಾಲ ಇಬ್ಬರ ಮೇಲೂ ಸರದಿಯಂತೆ ಬರುತ್ತದೆ. ಆ ಅಕ್ಕ ಮಾತ್ರ ತನ್ನ 600 ರೂಪಾಯಿ ಕೇಳಲು ಒಂದು ವರ್ಷ ಕಾಯಬೇಕು, ಕೇಳುವಾಗಲೂ ನಾಳಿನ ಕೂಲಿಯ ಹೆದರಿಕೆ. ಸಂಬಂಧಗಳೆಲ್ಲ ಬಂಧನ ಅಂದುಕೊಂಡಿದ್ದೆ ನಾನು. ತನಗೆ ಬರಬೇಕಾದ್ದನ್ನು ಹೆದರದೆ ಕೇಳಲಾಗದ ಜಾಗವೇ ಬಂಧನ ಅಂತ ಆಕೆ ನನಗೆ ತೋರಿಸಿದಳು.

ನಮ್ಮ ಕೆಲಸದಲ್ಲಿ ಡಿಪೆಂಡೆನ್ಸಿ ಅನ್ನೋ ಮಾತಿದೆ. ಯಾವ ಸಾಫ್ಟ್‌ವೇರೂ ತನ್ನಷ್ಟಕ್ಕೆ ತಾನು ಪೂರ್ಣ ಅಲ್ಲ. ಎಲ್ಲೋ ಯಾರೋ ಬರೆದಿಟ್ಟ ಕೋಡಿನ ಮೇಲೆ ನಮ್ಮದು ನಿಂತಿರುತ್ತದೆ. ಅದಕ್ಕೆ ನಾವು ನಾಚಿಕೊಳ್ಳುವುದಿಲ್ಲ. ನೋಡಿಕೊಳ್ಳಬೇಕಾದ್ದು ಒಂದೇ: ಸರಿಬರದಿದ್ದರೆ ಅದನ್ನು ಬಿಟ್ಟು ಹೊರಬರಲು ದಾರಿ ಇದೆಯೋ ಇಲ್ಲವೋ. ದಿನವೂ ಇದನ್ನೇ ಮಾಡುವ ನಾನು ಬದುಕಿನಲ್ಲಿ ಮಾತ್ರ ಯಾರನ್ನೂ ಅವಲಂಬಿಸದವನೇ ಪೂರ್ಣ ಮನುಷ್ಯ ಅಂತ ನಂಬಿದ್ದೆ. ಕಾಲು ಮುರಿದು ಮಲಗಿದ್ದ ಅಪ್ಪ ಆ ದಿನಗಳಲ್ಲಿ ನನಗಿಂತ ಪೂರ್ಣನಾಗಿ ಕಾಣುತ್ತಿದ್ದ. ಆತನ ಜೋಳ ಮನೆಗೆ ಬಂದಿತ್ತು. ಆತ ಎದ್ದು ಬರುವುದನ್ನು ಕಾಯುವ ಹೊಲಗಳಿದ್ದವು.

ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಕೊನೆಗೂ ಲಾವಣಿಯ ಮಾತು ತೆಗೆದೆ. ಅಪ್ಪ ಬೇಡ ಅನ್ನಲಿಲ್ಲ. "ಇನ್ನ ಹತ್ತು ಆಳು ಉಳಿದಾವಲ್ಲೋ. ಅವನ್ನ ಇಟಗೊಂಡು ಊರು ಬಿಟ್ರ ಹೆಂಗ?" ಅಂದ. ಆಳು ಹಚ್ಚಿ ತೀರಿಸಬಹುದು ಅಂದೆ. "ತೀರಸಬಹುದು. ಆದ್ರ ನನಗ ತೀರಸೂ ಅವಸರ ಇಲ್ಲ" ಅಂದ. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಮುಂದೆ ಒಂದು ದಿನ ಮತ್ತೆ ಆಡಲೇಬೇಕಾದೀತು. ಅಪ್ಪನಿಗೂ ವಯಸ್ಸಾಗುತ್ತಿದೆ, ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ.

ಮುಂಗಾರಿಯ ಹೊತ್ತಿಗೆ ಅಪ್ಪ ಕೋಲು ಹಿಡಿದು ನಡೆದ, ದೀಪಾವಳಿ ಆದ ಮೇಲೆ ಕೋಲು ಬಿಟ್ಟ. ಈ ಸುಗ್ಗಿಯ ತನಕ ಆರು ಆಳು ತೀರಿಸಿದ್ದಾನೆ. ಉಳಿದ ನಾಲ್ಕಕ್ಕೆ ನಾನು ರಜೆ ಹಾಕಿ ಹೋಗಿದ್ದೆ. ದೊಡ್ಡಪ್ಪ ಮೂರನ್ನೇ ಹಿಡಿದ. "ಒಂದು ಇರ್ಲಿ ಬಿಡು, ಮತ್ತ ಬರಾಕ" ಅಂದ.

ನಮ್ಮ ಮನೆಯಲ್ಲಿ ಈಗ ಕೂಲಿಯ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರ್ ಇದೆ. ಕೆಲಸ ಮುಗಿದ ಸಂಜೆಯೇ ಕೊಟ್ಟು ಅವ್ವ ಅದರ ಮೇಲೆ ಗೀಟು ಹಾಕುತ್ತಾಳೆ. ಬೆಂಗಳೂರಿನ ಅಕ್ಕ ಆ ಕೆಲಸ ಬಿಟ್ಟು ಬೇರೆ ಕಡೆ ಹೋಗಿದ್ದಳು. ಹಳೆಯ ನಂಬರಿಗೆ ಫೋನ್ ಮಾಡಿದೆ, ಹತ್ತಿತು. ಎರಡು ತಿಂಗಳದ್ದು ಕಳಿಸಿದೆ. "ಇಷ್ಟು ವರ್ಷ ಆದಮೇಲೆ ಯಾಕಣ್ಣ?" ಅಂತ ಕೇಳಿದಳು. ನಿನಗೆ ಬರಬೇಕಿತ್ತು ಅಂದೆ. ಆ ಕಡೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಅಂದಳು, "ಹೂಂ ಅಣ್ಣ, ಬರಬೇಕಿತ್ತು. ಕೇಳೋಕೆ ಆಗಿರಲಿಲ್ಲ."